ಗೂಟದ ಕುಡುಗೋಲು

ಲಕ್ಕಪ್ಪ ಗೂಟಕ್ಕೆ ತೂಗುಹಾಕಿದ್ದ ಕುಡುಗೋಲನ್ನು ಆ ಬೆಳಿಗ್ಗೆ ಮೂರನೆಯ ಸಲ ಕೈಗೆ ತೆಗೆದುಕೊಂಡ, ಮೂರನೆಯ ಸಲವೂ ಅಲ್ಲೇ ತೂಗುಹಾಕಿದ. ವೀಳ್ಯದೆಲೆ ಕೊಯ್ಯಲು ಬಂದ ರಹಿಮಾಬಿ ತೋಟದ ಖೋಲಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಪ್ಪತ್ತು ವರ್ಷ ಅದೇ ತೋಟದಲ್ಲಿ ಎಲೆ ಕೊಯ್ದವಳಿಗೆ ಕೇಳುವಂಥದ್ದೇನೂ ಉಳಿದಿರಲಿಲ್ಲ.

"ಬೀಗರು ಎಷ್ಟನೇ ಸಾಲಿಗೆ ಬಂದಾರ?" ಎಂದು ಅವನೇ ಕೇಳಿದ.

"ನಾಕನೇದಕ್ಕ ಕಾಲಿಟ್ಟಾರ್ರಿ."

ಬೀಗರು ಎಂದರೆ ಕೊಳೆರೋಗ. ಲಕ್ಕಪ್ಪನ ಮನೆತನದಲ್ಲಿ ಎಲೆಬಳ್ಳಿಯ ತೋಟದೊಳಗೆ ಆ ರೋಗದ ಹೆಸರು ತೆಗೆಯುವಂತಿಲ್ಲ. ಚಪ್ಪಲಿ ಹೇಗೆ ಹೊರಗೆ ಬಿಡಬೇಕೋ ಹಾಗೆ ಆ ಹೆಸರನ್ನೂ ಹೊರಗೇ ಬಿಡಬೇಕು. ಹೆಸರು ಹಿಡಿದು ಕರೆದರೆ ಅದು ಬರುತ್ತದೆಂದು ಅವನ ಅಜ್ಜ ಹೇಳಿದ್ದ, ಅಪ್ಪ ಹಾಗೇ ನಡೆದುಕೊಂಡಿದ್ದ, ಕೂಲಿಗೆ ಬಂದ ಹೆಂಗಸರೆಲ್ಲ ಕಲಿತಿದ್ದರು. ಈ ಸಲ ಯಾರೂ ಕರೆದಿರಲಿಲ್ಲ. ಹದಿನೈದು ದಿನ ಬಿಡದೆ ಹಿಡಿದ ಮಳೆಗೆ ಅದು ಕರೆಯದೆಯೇ ಬಂದು ಕಾಲುವೆಯ ಕಡೆಯ ಮೊದಲ ಸಾಲಿನಲ್ಲಿ ಕೂತಿತ್ತು.

ಬಳ್ಳಿಯ ಬುಡ ಕಪ್ಪಾಗಿ, ಹೆಬ್ಬೆರಳಿನಿಂದ ಒತ್ತಿದರೆ ಸುಟ್ಟ ಬದನೆಕಾಯಿಯ ಹಾಗೆ ಮೆತ್ತಗಾಗುತ್ತಿತ್ತು. ಮೇಲಿನ ಎಲೆ ಎರಡು ದಿನ ಏನೂ ಗೊತ್ತಿಲ್ಲದಂತೆ ಹಸಿರಾಗಿದ್ದು ಮೂರನೆಯ ದಿನ ಹಳದಿಯಾಗಿ ಜೋತುಬೀಳುತ್ತಿತ್ತು. ಮೈಲುತುತ್ತ, ಸುಣ್ಣ ಕಲಸಿ ಬುಡಕ್ಕೆ ಹೊಯ್ದರೆ ಮಳೆ ಅದನ್ನೂ ತೊಳೆದುಕೊಂಡು ಹೋಯಿತು. ತೋಟಗಾರಿಕೆ ಇಲಾಖೆಯ ಸಾಹೇಬರು ಬಂದು ನೋಡಿ, ಕಾಲುವೆ ಕಡೆಯ ಐದು ಸಾಲನ್ನು ಬುಡಕ್ಕೇ ಕಡಿದು ಹೊರಗೆ ಒಯ್ದು ಸುಡಬೇಕು, ವಾರದೊಳಗೆ ಆಗದಿದ್ದರೆ ಇಡೀ ತೋಟ ಕೈಬಿಡುತ್ತದೆ ಎಂದು ಹೇಳಿ ಹೋಗಿದ್ದರು. ಆ ವಾರ ಇವತ್ತಿಗೆ ಮುಗಿಯುತ್ತಿತ್ತು. ಸಾಹೇಬರು ಹೇಳದಿದ್ದರೂ ಲಕ್ಕಪ್ಪನಿಗೆ ಅದು ಗೊತ್ತಿದ್ದದ್ದೇ. ನಲವತ್ತು ವರ್ಷದಲ್ಲಿ ಎರಡು ಸಲ ಹೀಗಾದಾಗ ಅವನೇ ಸಾಲು ಕಡಿದು ತೋಟ ಉಳಿಸಿದ್ದ. ಆಗ ಧಣಿ ಇದ್ದರು, ಕಡಿ ಅಂದರೆ ಕಡಿಯುತ್ತಿದ್ದ. ಈಗ ಧಣಿಯ ಜಾಗದಲ್ಲಿ ಎಂಟು ಪುಟದ ಕಾಗದವಿತ್ತು.

ಧಣಿ ಎಂದರೆ ಅಕ್ಕಿಆಲೂರಿನ ಪರಮೇಶಪ್ಪ. ಒಬ್ಬನೇ ಮಗ ತಡಸದ ಹತ್ತಿರ ಲಾರಿಗೆ ಸಿಕ್ಕು ತೀರಿಕೊಂಡ ಮೇಲೆ, ಸವಣೂರಿನ ಈ ಮೂರು ಎಕರೆ ಎಲೆತೋಟವನ್ನು ಅವರು ಮೊಮ್ಮಗಳು ನೀಲಾಂಬಿಕಾಳಿಗೆಂದು ಮೃತ್ಯುಪತ್ರ ಬರೆಸಿದ್ದರು. ಹುಡುಗಿಗೆ ಇಪ್ಪತ್ತೊಂದು ತುಂಬುವ ತನಕ ನೋಡಿಕೊಳ್ಳಲು ಮೂವರು ವಿಶ್ವಸ್ತರು: ಧಣಿಯ ತಂಗಿ ಸರೋಜವ್ವ, ತಮ್ಮನ ಮಗ ಚನ್ನೇಶ, ತೋಟದ ಲಕ್ಕಪ್ಪ. ಮೂವರಲ್ಲಿ ಇಬ್ಬರು ಒಪ್ಪಿದ್ದೇ ಮಾತು. ಬಳ್ಳಿ ಹಸಿರಾಗಿರುವ ತನಕ ಭೂಮಿ ಮಾರುವಂತಿಲ್ಲ. ತೋಟ ಹಾಳಾದರೆ ಮಾತ್ರ ಮಾರಿ, ಬಂದದ್ದನ್ನು ಹುಡುಗಿಯ ಹೆಸರಿಗೆ ಇಡಬಹುದು. ಕೊನೆಯ ಪುಟದಲ್ಲಿ ಇನ್ನೊಂದು ಮಾತಿತ್ತು. ಓದು ಬರದ ಲಕ್ಕಪ್ಪನಿಗೂ ಅದು ಬಾಯಿಪಾಠವಾಗಿತ್ತು. ‘ಬಳ್ಳಿಗೆ ಕುಡುಗೋಲು ಹಚ್ಚಿದವರು ಅಥವಾ ಹಚ್ಚಿಸಿದವರು ಆ ದಿನದಿಂದ ವಿಶ್ವಸ್ತರಾಗಿ ಉಳಿಯತಕ್ಕದ್ದಲ್ಲ. ಉಳಿದವರು ಮುಂದುವರಿಸತಕ್ಕದ್ದು.’

ಬಾಯಿಪಾಠವಾಗದೆ ಏನು, ಅದು ಅವನದೇ ಮಾತು.

ಧಣಿ ಆಗಲೇ ಹಣ್ಣಾಗಿದ್ದರು. ಮನೆಯಲ್ಲಿ ಉಸಿರು ಕಟ್ಟುತ್ತದೆಂದು ದಸ್ತಾವೇಜು ಬರೆಯುವವನನ್ನು ತೋಟಕ್ಕೇ ಕರೆಸಿ, ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಬರೆಸಿದ್ದರು. ಎಲ್ಲ ಮುಗಿದ ಮೇಲೆ, ಇನ್ನೇನು ಬರೆಸಬೇಕೋ ಲಕ್ಕಪ್ಪ ಎಂದು ಕೇಳಿದಾಗ ಇವನು, ಬಳ್ಳಿಗೆ ಯಾರೂ ಕುಡುಗೋಲು ಹಚ್ಚಬಾರದು ಅಂತ ಬರೆಸ್ರಿ ಎಂದಿದ್ದ. ಬೀಗರು ಬಂದ ಆ ಎರಡು ಸಲ ಬಿಟ್ಟರೆ ಎಲೆಬಳ್ಳಿಗೆ ಕುಡುಗೋಲಿನ ಕೆಲಸವೇ ಇಲ್ಲ, ಅದನ್ನು ತೋಟದಲ್ಲಿ ಕೂತು ನೆನೆಯುವಂತೆಯೂ ಇರಲಿಲ್ಲ. ಎಲೆಯನ್ನು ಹೆಬ್ಬೆರಳಿಗೆ ಕಟ್ಟಿಕೊಂಡ ಕಬ್ಬಿಣದ ಉಗುರಿನಿಂದ ಕೊಯ್ಯುತ್ತಾರೆ, ಬಳ್ಳಿ ಎತ್ತರವಾದರೆ ಇಳಿಸಿ, ಸುತ್ತಿ, ಬುಡದಲ್ಲಿ ಹೂತು ಮಣ್ಣು ಮಾಡುತ್ತಾರೆ. ಕುಡುಗೋಲೇನಿದ್ದರೂ ನೆರಳಿನ ಗಿಡದ ಟೊಂಗೆಗೆ. ಬಳ್ಳಿಗೆ ಅದನ್ನು ಹಚ್ಚುವವನು ತೋಟ ಕಿತ್ತು ಪ್ಲಾಟು ಹಾಕುವವನೇ ಎಂದು ಅವನ ಎಣಿಕೆ. ಧಣಿಗೆ ಮಾತು ಹಿಡಿಸಿತು. ಬರೆಸುತ್ತ ಬರೆಸುತ್ತ, "ರೋಗಗೀಗ ಬಂದ್ರ ಮಾತ್ರ" ಎಂದು ಅವರು ಬಾಯಿ ತೆರೆದಿದ್ದರು. ಲಕ್ಕಪ್ಪ ಧಡಕ್ಕನೆ ಕೈ ಅಡ್ಡ ಹಿಡಿದಿದ್ದ.

"ಧಣಿ, ತ್ವಾಟದಾಗ ಕುಂತು ಆ ಮಾತು ಬ್ಯಾಡ್ರಿ."

ಪರಮೇಶಪ್ಪ ನಕ್ಕಿದ್ದರು. ಆತು ಬಿಡಪಾ ಎಂದು ಬರೆಯುವವನಿಗೆ ಮುಂದೆ ಹೋಗಲು ಹೇಳಿದ್ದರು. ಹೀಗೆ ಒಂದು ಸಾಲು ಬರೆಯದೆ ಉಳಿಯಿತು. ಆ ಒಂದು ಸಾಲು ಇದ್ದಿದ್ದರೆ ಲಕ್ಕಪ್ಪ ಈ ವಾರ ನಿದ್ದೆ ಮಾಡುತ್ತಿದ್ದ. ತಾನೇ ಧಣಿಯ ಬಾಯಿ ಮುಚ್ಚಿಸಿದ್ದನ್ನು ಅವನು ಹೆಂಡತಿ ಹೊಳೆವ್ವನ ಮುಂದೆಯೂ ಹೇಳಿರಲಿಲ್ಲ.

ಕಡಿದರೆ ತಾನು ಹೊರಗೆ. ಉಳಿಯುವವರು ಚನ್ನೇಶ ಮತ್ತು ಸರೋಜವ್ವ. ಪಕ್ಕದ ಹೊಲದಲ್ಲಿ ಚನ್ನೇಶನ ಹೆಂಡತಿಯ ತಮ್ಮ ಪ್ಲಾಟು ಹಾಕಿ, ಕಲ್ಲು ನೆಟ್ಟು, ಕಲ್ಲಿಗೆ ಹಳದಿ ಬಣ್ಣ ಬಳಿದು ವರ್ಷವಾಗಿತ್ತು. ರಸ್ತೆಗೆ ಹೋಗಲು ಅವನಿಗೆ ಈ ತೋಟವೇ ಬೇಕಿತ್ತು. ಲಕ್ಕಪ್ಪ ಇಲ್ಲದ ತೋಟಕ್ಕೆ ಒಂದು ಬೇಸಿಗೆ ನೀರು ಬಿಡದಿದ್ದರೆ ಸಾಕು, ಬಳ್ಳಿ ಒಣಗುತ್ತದೆ, ಇಬ್ಬರ ಸಹಿ ಬೀಳುತ್ತದೆ, ಅವರು ಆಡಿದ ಬೆಲೆಗೆ ಭೂಮಿ ಹೋಗುತ್ತದೆ. ಇನ್ನು ಕಡಿಯದಿದ್ದರೆ ಬೇಸಿಗೆಯ ತನಕ ಕಾಯುವುದೂ ಬೇಡ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗಾಗಿತ್ತು ಅವನ ಪಾಡು.

ಸವಣೂರಿನ ವಕೀಲರನ್ನು ಕೇಳಿದ್ದ. ಕೋರ್ಟಿಗೆ ಅರ್ಜಿ ಹಾಕಿದರೆ ಧಣಿಯ ಮನಸ್ಸಿನಲ್ಲಿ ಇದ್ದದ್ದೇನು ಎಂದು ನೋಡಿ ಹೇಳುತ್ತಾರೆ, ವರ್ಷ ಹಿಡಿಯಬಹುದು, ಕತ್ತಿ ಕೊಡಲಿ ಹಿಡಿದರೂ ಅದು ಕುಡುಗೋಲಿನ ಲೆಕ್ಕವೇ ಎಂದರು ಅವರು. ಬಳ್ಳಿಗೆ ವರ್ಷದ ಮಾತು ತಿಳಿಯುವುದಿಲ್ಲ. ಕುಡುಗೋಲು ಬಿಟ್ಟು ಕೈಯಿಂದ ಕಿತ್ತರೆ ಹೇಗೆ ಎಂದೂ ಯೋಚಿಸಿದ್ದ. ಕಿತ್ತರೆ ಪಕ್ಕದ ಸಾಲಿನ ಬೇರೂ ಹರಿದು, ಆ ಗಾಯದಲ್ಲೇ ರೋಗ ಸೇರುತ್ತದೆ. ತಾನು ಕಡಿಯುತ್ತೇನೆ, ತಲೆಕೆಟ್ಟವಳೆಂದು ಹೇಳಿಬಿಡಿ ಎಂದು ರಹಿಮಾಬಿ ಮುಂದೆ ಬಂದಿದ್ದಳು. ಆದರೆ ‘ಹಚ್ಚಿಸಿದವರು’ ಎಂಬ ಮಾತು ಅಲ್ಲೇ ಕಾದು ಕೂತಿತ್ತು.

ಭಾನುವಾರ ಹಾನಗಲ್ಲಿನಿಂದ ನೀಲಾಂಬಿಕಾಳ ಫೋನು ಬಂದಿತ್ತು. ಪಿಯುಸಿ ಎರಡನೆಯ ವರ್ಷದ ಹುಡುಗಿ. ತಾಯಿ ಅಂಗನವಾಡಿಯಲ್ಲಿ ದುಡಿಯುತ್ತಾಳೆ, ಮಗಳ ಓದಿನ ಭಾರವೆಲ್ಲ ಈ ತೋಟದ ಮೇಲೆ. ರಜೆಯಲ್ಲಿ ಬಂದು ಬಳ್ಳಿ ಇಳಿಸುವುದನ್ನು ಕಲಿಯುತ್ತೇನೆ ಲಕ್ಕಪ್ಪಜ್ಜ, ತೋಟ ಹೇಗಿದೆ ಎಂದು ಕೇಳಿದಳು. ಚಲೋ ಐತಿ ಎಂದ.

ಮೊನ್ನೆ ಅಕ್ಕಿಆಲೂರಿಗೆ ಹೋಗಿದ್ದ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಯಾವಾಗಲೂ ಒಯ್ಯುವಂತೆ ಒಂದು ಕಟ್ಟು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಚನ್ನೇಶನ ಅಕ್ಕಿಗಿರಣಿಯ ಹಿಂದಿನ ಮನೆಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಚನ್ನೇಶ ಒಳ್ಳೆಯ ಮಾತುಗಾರ. ಕುರ್ಚಿ ಕೊಟ್ಟ, ಚಹಾ ತರಿಸಿದ. ಮೊದಲು ಏಕವಚನದಲ್ಲಿ ಕರೆಯುತ್ತಿದ್ದವನು ಮೃತ್ಯುಪತ್ರ ಆದಮೇಲೆ ‘ರೀ’ ಹಚ್ಚಿ ಮಾತಾಡುತ್ತಿದ್ದ. ಆ ‘ರೀ’ ಕೇಳಿದಾಗಲೆಲ್ಲ ಲಕ್ಕಪ್ಪನಿಗೆ ಬೇರೆಯವರ ಅಂಗಿ ತೊಟ್ಟುಕೊಂಡಂತೆ ಮೈ ಬಿಗಿಯುತ್ತಿತ್ತು. ಬಾಗಿಲ ಹತ್ತಿರ ಸರೋಜವ್ವ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು.

ಚನ್ನೇಶ ಕನ್ನಡಕ ಏರಿಸಿ ಕೊನೆಯ ಪುಟವನ್ನು ನಿಧಾನವಾಗಿ ಓದಿದ. ಮೂವರೂ ಒಪ್ಪಿ ಕಡಿದರೆ ನಡೆಯುವುದಿಲ್ಲವೇ ಎಂದು ಲಕ್ಕಪ್ಪ ಕೇಳಿದ್ದಕ್ಕೆ, ಹಾಗಾದರೆ ಮೂವರೂ ಹೊರಗೆ, ತೋಟಕ್ಕೆ ಯಾರೂ ದಿಕ್ಕಿಲ್ಲ ಎಂದ.

"ನಾ ಕಡೀರಿ ಅಂತೂ ಅನ್ನಂಗಿಲ್ಲ, ಬ್ಯಾಡ ಅಂತೂ ಅನ್ನಂಗಿಲ್ಲ. ದೊಡ್ಡಪ್ಪ ಬರೆಸಿದ್ದನ್ನ ಓದಾಕತ್ತೇನಿ, ಅಷ್ಟ."

"ಬಳ್ಳಿ ಸಾಯಾಕತ್ತಾವ್ರಿ."

"ಸತ್ರ ದೇವರ ಇಚ್ಛಾ, ಲಕ್ಕಪ್ಪ. ಕಡದ್ರ ನಿಮ್ಮ ಇಚ್ಛಾ."

ಆಮೇಲೆ ಅವನು ಬಾಗಿಲ ಕಡೆ ತಿರುಗಿ, ಏನಂತಿ ಅತ್ತಿ ಎಂದು ಕೇಳಿದ. ಸರೋಜವ್ವ ಮೊರದಿಂದ ತಲೆ ಎತ್ತಲಿಲ್ಲ. ನೀ ಹೇಳಿದಂಗ ಆಗಲೆಪಾ ಎಂದಳು. ಅವಳು ಬೇರೇನನ್ನಾದರೂ ಹೇಳಿದ್ದನ್ನು ಲಕ್ಕಪ್ಪ ಕೇಳಿದವನಲ್ಲ. ಮಕ್ಕಳಿಲ್ಲದೆ ಗಂಡ ತೀರಿದ ಮೇಲೆ ಮೂವತ್ತು ವರ್ಷದಿಂದ ತವರಿನ ಅನ್ನ ಉಂಡವಳು. ಮೊದಲು ಅಣ್ಣನ ಮಾತಿಗೆ ಹೂಂ ಅಂದಳು, ಅಣ್ಣ ಹೋದ ಮೇಲೆ ಚನ್ನೇಶನ ಮಾತಿಗೆ.

ಅವನು ಗಿರಣಿಯ ಗೇಟಿನ ತನಕ ಬಂದಾಗ ಹಿಂದಿನಿಂದ ಅವಳ ಕರೆ ಕೇಳಿತು. ಎಲೆಯ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ಒಂದು ಎಲೆ ತೆಗೆದು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಉಗುರಗಲ ಹಳದಿ ಇತ್ತು. ಇಂಥ ಎಲೆಯನ್ನು ಲಕ್ಕಪ್ಪ ಆ ಮನೆಗೆ ಎಂದೂ ಒಯ್ದವನಲ್ಲ, ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು. ಏನೋ ಒಂದು ಕಟ್ಟೆ ಒಡೆದಂತಾಗಿ, ಬೇವಿನ ಗಿಡದ ಕೆಳಗೆ ತಾನು ಧಣಿಯ ಬಾಯಿ ಮುಚ್ಚಿಸಿದ್ದನ್ನು ಅಲ್ಲೇ, ಗಿರಣಿಯ ಸದ್ದಿನ ನಡುವೆ, ಅವಳಿಗೆ ಹೇಳಿಬಿಟ್ಟ.

"ಎಷ್ಟು ದಿನಾ ಐತಿ?" ಎಂದಳು.

"ಎರಡು ದಿನಾರಿ. ಬಾಳಂದ್ರ ಮೂರು."

ಹೋಗಿ ಬಾ ಎಂದು ಎಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ಆ ಎರಡು ದಿನ ಮುಗಿದು ಇವತ್ತು ಮೂರನೆಯದು. ಮೂರು ಸಲ ಗೂಟದಿಂದ ಇಳಿದ ಕುಡುಗೋಲು ಮೂರು ಸಲ ಗೂಟಕ್ಕೇ ಏರಿತ್ತು. ನಾಲ್ಕನೆಯ ಸಲ ತೆಗೆದುಕೊಂಡರೆ ಇಡುವುದಿಲ್ಲ, ಆದದ್ದಾಗಲಿ ಕಡಿದೇಬಿಡುತ್ತೇನೆ ಎಂದು ಲಕ್ಕಪ್ಪ ನಿಶ್ಚಯಿಸಿ ಖೋಲಿಯ ಮುಂದಿನ ಕಲ್ಲಿನ ಮೇಲೆ ಕೂತ. ಬಾಯಿಗೆ ಹಾಕಿಕೊಂಡ ಎಲೆ ರುಚಿಸಲಿಲ್ಲ. ಸಾಲುಗಳ ನಡುವೆ ನಿಂತ ನೀರಿನಲ್ಲಿ ಹನಿ ಬೀಳತೊಡಗಿತು. ಇನ್ನೊಂದು ಮಳೆ ಬಂದರೆ ಐದನೆಯ ಸಾಲು, ಆರನೆಯದು, ಆಮೇಲೆ ಲೆಕ್ಕವೇ ಇಲ್ಲ. ಅವನು ಎದ್ದ.

ಆಗಲೇ ತೋಟದ ಬಾಯಿಯಲ್ಲಿ ಆಟೋ ನಿಂತಿತು. ಇಳಿದವಳು ಸರೋಜವ್ವ. ಒಬ್ಬಳೇ. ಒಂದು ದಿನಕ್ಕೆಂದು ಬಂದವಳ ಕೈಯಲ್ಲಿ ಅಷ್ಟು ದೊಡ್ಡ ಚೀಲ ಯಾಕೆಂದು ಲಕ್ಕಪ್ಪನಿಗೆ ತಿಳಿಯಲಿಲ್ಲ. ಅವಳು ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು, ಸೀರೆಯ ನಿರಿಗೆ ಎತ್ತಿ ಹಿಡಿದು ಕೆಸರಿನಲ್ಲಿ ಕಾಲಿಡುತ್ತ ಬಂದಳು. ಚೀಲವನ್ನು ಕಲ್ಲಿನ ಮೇಲೆ ಇಳಿಸಿ, ಆಚೆ ತೋಟದವರು ಯಾರಿದ್ದಾರೆ, ನಾಲ್ಕು ಮಂದಿಯನ್ನು ಕರೆದುಕೊಂಡು ಬಾ ಎಂದು ರಹಿಮಾಬಿಯನ್ನು ಕಳಿಸಿದಳು. ಆಮೇಲೆ ಖೋಲಿಯೊಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಕುಡುಗೋಲಿತ್ತು.

ಲಕ್ಕಪ್ಪ ಅವಳಿಗೆ ಅಡ್ಡ ಬಂದ.

"ಅಕ್ಕಾರ, ಬ್ಯಾಡ್ರಿ. ನಾ ಕಡೀತೇನಿ. ನೀವು ಮನೀ ಮಗಳು, ನೀವು ಇರ್ರಿ."

"ನಾ ಇದ್ದು ಏನ್ ಮಾಡ್ಲೋ? ಚನ್ನೇಶ ಹೂಂ ಅನ್ನು ಅಂದ್ರ ಹೂಂ ಅಂತೇನಿ. ಮೂವತ್ತು ವರ್ಷ ಅದನ್ನ ಕಲ್ತೇನಿ, ಇನ್ನ ಬ್ಯಾರೆ ಕಲಿಯಾಕ ಆಗಂಗಿಲ್ಲ." ಅವಳು ಕುಡುಗೋಲಿನ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. "ನಿನಗ ಇಲ್ಲ ಅನ್ನಾಕ ಬರ್ತೈತಿ. ನಾ ಹೋದ್ರ ನೀವಿಬ್ಬರ ಉಳೀತೀರಿ. ಅವ ಒಬ್ಬಾವ ಒಪ್ಪಿದ್ರ ಏನೂ ಮಾರಾಕ ಬರಂಗಿಲ್ಲ. ನೀ ಉಳೀಬೇಕು."

ವಾರವಿಡೀ ಲಕ್ಕಪ್ಪ ತಾನು ಕಡಿದರೆ, ಕಡಿಯದಿದ್ದರೆ ಎಂದಷ್ಟೇ ಯೋಚಿಸಿದ್ದ. ಮೂರನೆಯವಳನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಚನ್ನೇಶನೂ ಹಿಡಿದಿರಲಿಲ್ಲ. ಅವಳಿಗೆ ಅದು ಇಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು.

ಪಕ್ಕದ ತೋಟದ ಫಕ್ಕೀರೇಶ, ಅವನ ತಾಯಿ ಶಾರವ್ವ, ಇನ್ನಿಬ್ಬರು ಬಂದು ಬದುವಿನ ಮೇಲೆ ನಿಂತರು. ಸರೋಜವ್ವ ಎಲ್ಲರಿಗೂ ಕೇಳುವಂತೆ, ಇದು ತನ್ನ ಮಾತು, ತನ್ನ ಕೈ, ಲಕ್ಕಪ್ಪನದೇನೂ ಇಲ್ಲ, ನೀವು ನೋಡಿದವರು ಎಂದು ಹೇಳಿದಳು. ಅಷ್ಟು ಮಂದಿಯ ಮುಂದೆ ಅಷ್ಟು ದೊಡ್ಡ ಧ್ವನಿಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ, ಕೊನೆಗೆ ಧ್ವನಿ ಒಡೆಯಿತು.

ಮೊದಲ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಮೊಣಕಾಲು ನೋವಿನವಳು, ಒಂದು ಕೈ ಕೆಸರಿಗೆ ಊರಬೇಕಾಯಿತು. ಕುಡುಗೋಲನ್ನು ರೊಟ್ಟಿ ಮಗುಚುವ ಚುಂಚಕದಂತೆ ಹಿಡಿದಿದ್ದಳು. ಲಕ್ಕಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಹಿಡಿಯುವುದು ಹೀಗೆ ಎಂದು ತೋರಿಸಲು ಕೈ ತಾನಾಗಿಯೇ ಮುಂದೆ ಹೋಯಿತು. ಬದುವಿನ ಮೇಲಿನವರ ಕಣ್ಣು ಆ ಕೈಯ ಮೇಲೆ ಬಿದ್ದದ್ದು ಗೊತ್ತಾಗಿ, ಎರಡೂ ಕೈಯನ್ನು ಬೆನ್ನ ಹಿಂದೆ ಒಯ್ದು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡ.

ಎಲ್ಲಿಗೆ ಹಚ್ಚಲಿ ಎಂದು ಅವಳು ಕೇಳಿದಳು. ಅವನು ಹೇಳುವಂತಿರಲಿಲ್ಲ. ಹೇಳಿದರೆ ಹಚ್ಚಿಸಿದಂತೆ. ತುಟಿ ಕಚ್ಚಿಕೊಂಡು ಬಳ್ಳಿಯ ಬುಡವನ್ನೇ ನೋಡುತ್ತ ನಿಂತ. ರಹಿಮಾಬಿ ಅವನ ಕಣ್ಣು ಹೋದ ಕಡೆ ನೋಡಿ, ಇನ್ನೂ ಕೆಳಗ ಅಮ್ಮಾರ, ಮಣ್ಣಿಗೆ ತಾಗಿಸಿ ಎಂದು ಮೆಲ್ಲಗೆ ಹೇಳಿದಳು. ಮೊದಲ ಏಟಿಗೆ ಬಳ್ಳಿ ಬಾಗಿತು, ಹರಿಯಲಿಲ್ಲ. ಎರಡನೆಯದಕ್ಕೆ ಹರಿಯಿತು. ಎಲೆಯ ಖಾರದ ವಾಸನೆ ಗಪ್ಪನೆ ಎದ್ದಿತು. ತಾನೇ ನೆಟ್ಟು, ಹದಿನಾರು ಸಲ ಇಳಿಸಿ ಮಣ್ಣು ಮಾಡಿದ ಬಳ್ಳಿ ಅದು. ಲಕ್ಕಪ್ಪನ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ.

ಸರೋಜವ್ವ ಕಡಿದ ತುದಿಯನ್ನು ಎತ್ತಿ ಹಿಡಿದಳು. ಒಳಗೆಲ್ಲ ಕಪ್ಪಾಗಿ ಲೋಳೆ ಸುರಿಯುತ್ತಿತ್ತು.

"ಇದಕ್ಕೇನಂತಾರ?"

ಬೀಗರು ಎಂದು ರಹಿಮಾಬಿ ಹೇಳಹೊರಟಿದ್ದಳು. ಅಷ್ಟರಲ್ಲಿ ಲಕ್ಕಪ್ಪ, "ಕೊಳಿರೋಗರಿ, ಅಕ್ಕಾರ" ಎಂದ. ತೋಟದ ನಟ್ಟನಡುವೆ, ನಾಲ್ಕು ಮಂದಿಗೆ ಕೇಳುವ ಹಾಗೆ. ರಹಿಮಾಬಿ ನಾಲಿಗೆ ಕಚ್ಚಿಕೊಂಡಳು. ಬದುವಿನ ಮೇಲೆ ಶಾರವ್ವ ಬಾಯಿಗೆ ಸೆರಗು ಹಿಡಿದಳು. ಅಂದು ಬೇವಿನ ಗಿಡದ ಕೆಳಗೆ ಇದನ್ನೇ ಧಣಿಗೆ ಹೇಳಗೊಟ್ಟಿದ್ದರೆ ಈ ಮುದುಕಿ ಇವತ್ತು ಕೆಸರಿನಲ್ಲಿ ಕೂರಬೇಕಾಗಿರಲಿಲ್ಲ.

ಅರ್ಧ ಸಾಲು ಕಡಿಯುವಷ್ಟರಲ್ಲಿ ಅವಳ ಕೈ ಸೋತಿತು. ಕುಡುಗೋಲನ್ನು ರಹಿಮಾಬಿಗೆ ಕೊಟ್ಟು, ನಾ ಹೇಳೇನಿ, ಕಡಿ ಎಂದು ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಐದೂ ಸಾಲು ನೆಲ ಕಂಡವು. ಫಕ್ಕೀರೇಶ, ರಹಿಮಾಬಿ ಹೊರೆಹೊರೆಯಾಗಿ ಹೊತ್ತು ಬೇಲಿಯಾಚೆ ಹಾಕಿದರು. ಒದ್ದೆ ಬಳ್ಳಿಗೆ ಬೆಂಕಿ ಹತ್ತಲು ತಡವಾಯಿತು. ಹತ್ತಿದ ಮೇಲೆ ಹೊಗೆ ಪಕ್ಕದ ಪ್ಲಾಟಿನ ಹಳದಿ ಕಲ್ಲುಗಳ ಮೇಲೆ ಹರಡಿಕೊಂಡಿತು. ಹನಿ ನಿಂತಿತ್ತು. ಬದುವಿನ ಮೇಲಿನವರು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು.

ಅಷ್ಟು ಹೊತ್ತಿಗೆ ಬುತ್ತಿ ತಂದ ಹೊಳೆವ್ವ, ಗುಡುಗಾಡುತ್ತಿದ್ದುದರಿಂದ ಕಲ್ಲಿನ ಮೇಲಿದ್ದ ಚೀಲವನ್ನು ಒಳಗಿಡಲು ಎತ್ತಿದಳು. ಎತ್ತಿದವಳು ಅದರ ಭಾರಕ್ಕೆ ಬೆರಗಾಗಿ, ಏನಿದೆ ಅಕ್ಕಾರ ಇದರಲ್ಲಿ ಎಂದು ಕೇಳಿದಳು.

"ಇದ್ದದ್ದೆಲ್ಲಾ ಅದರಾಗ ಐತೆವಾ. ಈ ಖೋಲಿ ಖಾಲಿ ಐತೆಲ್ಲಾ?"

ಐತ್ರಿ ಎಂದು ಹೊಳೆವ್ವ ಗಂಡನ ಮುಖ ನೋಡಿದಳು. ಅವಳು ಅಕ್ಕಿಆಲೂರಿನ ಮನೆಗೆ ತಿರುಗಿ ಹೋಗುವವಳಲ್ಲ ಎಂದು ಲಕ್ಕಪ್ಪನಿಗೆ ಆಗ ತಿಳಿಯಿತು. ಅವನು ಕಡಿದ ಸಾಲಿನ ಕಡೆ ನಡೆದ.

ಖೋಲಿಯ ನೆಲ ತೇವವಾಗಿತ್ತು, ಇಡಲು ಜಾಗವಿರಲಿಲ್ಲ. ಗೋಡೆಯಲ್ಲಿ ಕುಡುಗೋಲಿನ ಗೂಟ ಖಾಲಿ ಇತ್ತು. ಹೊಳೆವ್ವ ಚೀಲವನ್ನು ಅದಕ್ಕೇ ತೂಗುಹಾಕಿದಳು. ಹಾಕಿದ್ದೇ ತಡ, ಚೀಲದೊಳಗಿನಿಂದ ಫೋನು ರಿಂಗಾಗತೊಡಗಿತು. ಒಮ್ಮೆ ನಿಂತು ಮತ್ತೆ ರಿಂಗಾಯಿತು. ಅಕ್ಕಿಆಲೂರಿಗೆ ಸುದ್ದಿ ಮುಟ್ಟಿತ್ತು.

ಸರೋಜವ್ವ ನೀರು ತುಂಬಿದ ಹೌದಿನ ಹತ್ತಿರ ಕೂತು ಉಗುರಿಗೆ ಹತ್ತಿದ ಬಳ್ಳಿಯ ಕರೆಯನ್ನು ಕಲ್ಲಿನಿಂದ ಉಜ್ಜುತ್ತಿದ್ದಳು. ತಿರುಗಿ ನೋಡಲಿಲ್ಲ. ಲಕ್ಕಪ್ಪ ಕಡಿದ ಸಾಲಿನ ಪಕ್ಕದಲ್ಲಿ, ಉಳಿದ ಬಳ್ಳಿಗಳ ಕಡೆ ಮುಖ ಮಾಡಿ ನಿಂತಿದ್ದ. ಅವನ ಎರಡೂ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.